ಕರಿಮೋರೆಯ ಪದತ್ಯಾಗ

ಮಕ್ಕಳೇ, ಹೊಳೆದಂಡೆಯ ಕಾಡಿನ ಒಂದು ದೊಡ್ಡ ಅತ್ತಿಮರದಲ್ಲಿ ಮುಸುವ ಕೋತಿಗಳ ಹಿಂಡೊಂದು ವಾಸವಾಗಿತ್ತು. ಮರದ ತುದಿಕೊಂಬೆ ನಾಯಕನದು. ಚಿರತೆ ಕಂಡರೆ ಅವನು ಅಲ್ಲಿಂದ ಕೂಗಬೇಕು, ಆಗ ನೆಲದ ಮೇಲಿರುವವರೆಲ್ಲ ಮರ ಹತ್ತಬೇಕು. ಬೇರೆ ಯಾರು ಕೂಗಿದರೂ ಲೆಕ್ಕಕ್ಕಿಲ್ಲ. ಅದು ಹಿಂಡಿನ ಕಟ್ಟಳೆ.

ನಾಯಕ ಕರಿಮೋರೆಗೆ ವಯಸ್ಸಾಗಿ ಕಣ್ಣು ಮಂಜಾಗಿತ್ತು. ಮೊನ್ನೆ ಹುತ್ತವನ್ನು ನೋಡಿ ಚಿರತೆಯೆಂದು ಕೂಗಿ, ಎಲ್ಲರನ್ನೂ ಮಧ್ಯಾಹ್ನದವರೆಗೆ ನೀರಿಗೂ ಇಳಿಯದಂತೆ ಮರದ ಮೇಲೆ ಕೂರಿಸಿದ್ದ.

"ಮಾವ, ಇನ್ನು ಸಾಕು, ಇಳಿದುಬಿಡಿ," ಎಂದಳು ಸೊಸೆ ನಿಡುಗಣ್ಣಿ. ಅವಳ ಕಣ್ಣು ಬಲು ಚುರುಕು.

"ಇಳಿಯುತ್ತೇನಮ್ಮ. ಆದರೆ ಸುಮ್ಮನೆ ಇಳಿದರೆ ನನ್ನ ಮರ್ಯಾದೆ ಏನಾಗಬೇಕು? ಅದಕ್ಕೊಂದು ಘನವಾದ ಹೆಸರು ಬೇಡವೇ?"

ಪಾಠಶಾಲೆಯ ಕಿಟಕಿಯಲ್ಲಿ ಕೂತು ಅಷ್ಟಿಷ್ಟು ಕಲಿತಿದ್ದ ಗಿಣಿರಾಯನಿಗೆ ಹೇಳಿಕಳಿಸಿದರು.

"ಪದತ್ಯಾಗ ಅನ್ನಿ," ಎಂದ ಗಿಣಿರಾಯ. "ಸಂಸ್ಕೃತದಿಂದ ಬಂದ ಮಾತು. ಪದ ಎಂದರೆ ಸ್ಥಾನ, ತ್ಯಾಗ ಎಂದರೆ ಬಿಟ್ಟುಬಿಡುವುದು. ಎರಡೂ ಸೇರಿದರೆ..."

"ಆಹಾ, ತ್ಯಾಗ!" ಕರಿಮೋರೆಯ ಎದೆ ಉಬ್ಬಿತು. ಉಳಿದದ್ದು ಅವನ ಕಿವಿಗೆ ಬೀಳಲೇ ಇಲ್ಲ.

ಮರುದಿನ ತುದಿಕೊಂಬೆಯಿಂದಲೇ ಸಾರಿದ, "ನಾನು ಪದತ್ಯಾಗ ಮಾಡಿದ್ದೇನೆ!"

ಹಿಂಡು ಜಯಕಾರ ಹಾಕಿ, ಆರಿಸಿದ ಅತ್ತಿಹಣ್ಣು ತಂದುಕೊಟ್ಟಿತು. ಕರಿಮೋರೆ ಹಣ್ಣು ತಿಂದ, ಹೊಗಳಿಕೆ ಕೇಳಿದ, ಅಲ್ಲೇ ಕೂತ. ರುಚಿ ಹತ್ತಿತು ನೋಡಿ! ಮರುದಿನ ಮತ್ತೆ ಪದತ್ಯಾಗ, ಮತ್ತೆ ಹಣ್ಣು. ನಾಲ್ಕು ದಿನದಲ್ಲಿ ನಾಲ್ಕು ಸಲ ತ್ಯಾಗ ಮಾಡಿದ ಮಹಾನುಭಾವ ಒಂದು ಗೇಣೂ ಕೆಳಗಿಳಿಯಲಿಲ್ಲ.

ಐದನೆಯ ದಿನ ಅವನ ಭಾಷಣ ಕೇಳಲು ಹಿಂಡೆಲ್ಲ ಮರದಡಿ ಸೇರಿತ್ತು. ನಡುಕೊಂಬೆಯಲ್ಲಿದ್ದ ನಿಡುಗಣ್ಣಿ ಥಟ್ಟನೆ ಚೀರಿದಳು, "ಚಿರತೆ! ಮರ ಹತ್ತಿ!"

ಯಾರೂ ಅಲುಗಲಿಲ್ಲ. ಕಟ್ಟಳೆಯಂತೆ ಎಲ್ಲರೂ ತಲೆಯೆತ್ತಿ ತುದಿಕೊಂಬೆಯನ್ನೇ ನೋಡಿದರು.

ಕರಿಮೋರೆ ಕಣ್ಣು ಕಿರಿದು ಮಾಡಿ ನೋಡಿದ. "ಅದು ಒಣಹುಲ್ಲು ತಾಯಿ. ಮಾತಿನ ನಡುವೆ ಬಾಯಿ ಹಾಕಬೇಡ."

ಒಣಹುಲ್ಲು ನೆಗೆಯಿತು! ನೆಗೆದದ್ದು ನಿಡುಗಣ್ಣಿಯ ಮಗಳು ಪುಟ್ಟ ಚಿಗುರಿಯ ಮೇಲೆ. ತಾಯಿ ಕೆಳಗೆ ಹಾರಿ, ಮಗುವನ್ನು ಬಾಚಿಕೊಂಡು ಮರ ಹತ್ತಿದಳು. ಚಿರತೆಯ ಬಾಯಿಗೆ ಸಿಕ್ಕಿದ್ದು ಬಾಲದ ನಾಲ್ಕು ಕೂದಲು. ಹಿಂಡೆಲ್ಲ ಬಿದ್ದೆನೋ ಎದ್ದೆನೋ ಎಂದು ಮೇಲೇರಿತು. ಚಿರತೆ ಸ್ವಲ್ಪ ಹೊತ್ತು ಕಾದು, ಹೊಳೆಯತ್ತ ಹೊರಟುಹೋಯಿತು.

ಮೊಮ್ಮಗಳ ಅಳು ಕರಿಮೋರೆಯ ಕಿವಿಗೆ ಬಿತ್ತು. ತನ್ನ ಮೇಲೆ ತನಗೇ ನಾಚಿಕೆಯಾಯಿತು. ಭಾಷಣವನ್ನು ಅರ್ಧಕ್ಕೇ ಬಿಟ್ಟು, ಕೊಂಬೆಯಿಂದ ಕೊಂಬೆಗೆ ತಡವರಿಸುತ್ತ ಇಳಿದು ಬಂದ.

"ನೀನು ಮೇಲೆ ಹೋಗಮ್ಮ. ಇನ್ನು ನೀನೇ ಕೂಗಬೇಕು," ಎಂದು ಸೊಸೆಗೆ ಹೇಳಿ, ಮಗುವನ್ನು ತೊಡೆಯ ಮೇಲೆ ಎಳೆದುಕೊಂಡ. ಯಾರೂ ಜಯಕಾರ ಹಾಕಲಿಲ್ಲ. ಹಣ್ಣೂ ಬರಲಿಲ್ಲ.

ಚಿಗುರಿ ಬಿಕ್ಕುತ್ತಲೇ ಕೇಳಿದಳು, "ಅಜ್ಜ, ಇವತ್ತು ಪದತ್ಯಾಗ ಮಾಡಲಿಲ್ಲವೇ?"

"ಇವತ್ತೇ ಮಾಡಿದ್ದು ಮಗಳೇ," ಎಂದ ಅಜ್ಜ.

ನೀತಿ: ಅಧಿಕಾರ ಬಿಟ್ಟೆ ಎಂದು ಸಾರಿದರೆ ಸಾಲದು, ಕೂತ ಜಾಗ ಬಿಟ್ಟು ಏಳಬೇಕು.