ಕೆಂಪಾಗದ ಟೊಮೆಟೊ

ಒಂದು ಊರಿನ ಶಾಲೆಯಲ್ಲಿ ಫಕ್ಕೀರವ್ವ ಎಂಬಾಕೆ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಬೀಜದ ಸಂತೆಯಲ್ಲಿ ಒಬ್ಬ ಅಜ್ಜ ಅವಳಿಗೆ ಹಳೆಯ ತಳಿಯ ಟೊಮೆಟೊ ಬೀಜ ಕೊಟ್ಟಿದ್ದ. "ಒಂದೊಂದು ಹಣ್ಣು ಅಂಗೈ ತುಂಬ ಬರತೈತಿ ತಂಗಿ" ಎಂದಷ್ಟೇ ಹೇಳಿದ್ದ. ಮಕ್ಕಳಿಗೆ ರುಚಿಯಾದ ಸಾರು ಉಣಿಸುವ ಆಸೆಯಿಂದ ಅಡುಗೆಕೋಣೆಯ ಹಿಂದೆ ಅವಳು ಎಂಟು ಗಿಡ ಬೆಳೆಸಿದಳು.

ಅಜ್ಜ ಹೇಳಿದಂತೆಯೇ ದಪ್ಪ ದಪ್ಪ ಕಾಯಿ ಬಿಟ್ಟವು. ಆದರೆ ಕೆಂಪಾಗಲೇ ಇಲ್ಲ. ಎರಡು ವಾರ ಕಾದಳು. ಹಸಿರು ಹಸಿರಾಗಿಯೇ ಉಳಿಯಿತು.

ಫಕ್ಕೀರವ್ವನಿಗೆ ತಲೆಬುಡ ತಿಳಿಯಲಿಲ್ಲ. ಗೊಬ್ಬರದಂಗಡಿಯವನನ್ನು ಕೇಳಿದಳು. "ನೀರು ಸಾಲಂಗಿಲ್ಲ, ಜಾಸ್ತಿ ಬಿಡು" ಎಂದ. ಬಿಟ್ಟಳು, ಕಾಯಿ ಬಿರಿದವು. ಪಕ್ಕದ ಹೊಲದವಳು, "ಬಿಸಿಲು ಸಾಲಂಗಿಲ್ಲ, ಎಲಿ ಚಿವುಟು" ಎಂದಳು. ಚಿವುಟಿದಳು, ಕಾಯಿಯ ಮೇಲೆ ಬಿಸಿಲಿಗೆ ಬೆಂದ ಬಿಳಿ ಕಲೆ ಎದ್ದವು. ದಿನಕ್ಕೆರಡು ಕಾಯಿ ತಾವಾಗಿಯೇ ಉದುರುತ್ತಿದ್ದವು. "ಹಸಿಗಾಯಿ ಯಾಕ ಉದುರತಾವೋ" ಎನ್ನುತ್ತ ಅವನ್ನು ಪೊರಕೆಯಿಂದ ಗುಡಿಸಿ ತಿಪ್ಪೆಗೆ ಹಾಕುತ್ತಿದ್ದಳು. ತಪ್ಪು ಮಣ್ಣಿನದೋ, ಬೀಜದ್ದೋ, ತನ್ನ ಕೈಯದ್ದೋ ಅವಳಿಗೆ ಗೊತ್ತಾಗಲಿಲ್ಲ.

ಕೊನೆಗೆ ಹೆಡ್‌ಮಾಸ್ತರರು, "ಇವನ್ನ ಕಿತ್ತು ಮೆಂತ್ಯೆ ಹಾಕ್ರಿ ಫಕ್ಕೀರವ್ವ. ಜಾಗ ಸುಮ್ಮನ ಹಾಳಾಗಬಾರದು" ಎಂದರು.

ಕಣ್ಣು ತುಂಬಿಕೊಂಡು ಏಳು ಗಿಡ ಕಿತ್ತಳು. ಎಂಟನೆಯದಕ್ಕೆ ಕೈ ಹಾಕುವಷ್ಟರಲ್ಲಿ, ಅವಳ ಜೊತೆ ಅಡುಗೆ ಮಾಡುವ ಮಾಬೂಬಿ ಅದರ ಒಂದು ಕಾಯಿಯನ್ನು ಮೆಲ್ಲಗೆ ಒತ್ತಿ ನೋಡಿದಳು.

"ಅಕ್ಕಾ, ಇದು ಮೆತ್ತಗಾಗೇತಿ."

"ಹಸಿರ ಐತೆಲ್ಲ?"

"ಹಸಿರ ಐತಿ ಖರೆ. ಮೂಸಿ ನೋಡು."

ಮೂಸಿದರೆ ಹಣ್ಣಿನ ಘಮ. ಕೊಯ್ದರೆ ಒಳಗೂ ಹಸಿರು; ಆದರೆ ದಪ್ಪ ತಿರುಳಿನಿಂದ ರಸ ಕೈಗಿಳಿಯಿತು. ಫಕ್ಕೀರವ್ವ ಒಂದು ಹೋಳು ಬಾಯಿಗಿಟ್ಟಳು. ಮೊದಲು ಸಿಹಿ, ಹಿಂದೆಯೇ ಹುಳಿ. ಅಂಥ ಟೊಮೆಟೊವನ್ನು ಅವಳು ಹುಟ್ಟಿದ ಮೇಲೆ ತಿಂದಿರಲಿಲ್ಲ. ಆ ಗಿಡದ ಜಾತಿಯೇ ಹಾಗೆ, ಹಸಿರಾಗಿಯೇ ಹಣ್ಣಾಗುವಂಥದ್ದು.

ಕಿತ್ತ ಗಿಡಗಳಿಂದಲೂ ಹಣ್ಣು ಆರಿಸಿ ಇಬ್ಬರೂ ಸಾರು ಮಾಡಿದರು. ಇದೇಕೆ ಹಸಿರು ಎಂದು ಕೇಳುತ್ತಲೇ ಮಕ್ಕಳು ತಟ್ಟೆ ನೆಕ್ಕಿದರು. ಹೆಡ್‌ಮಾಸ್ತರರು ಎರಡನೆಯ ಸಲ ಹಾಕಿಸಿಕೊಂಡರು.

ಫಕ್ಕೀರವ್ವ ಮಾತ್ರ ಉಣ್ಣದೆ ತಟ್ಟೆ ಪಕ್ಕಕ್ಕಿಟ್ಟಳು. "ಏಳು ಗಿಡ ಕಿತ್ತೆ ಮಾಬೂಬಿ. ಊರೆಲ್ಲಾ ಕೇಳಿದೆ. ಒಂದು ಹಣ್ಣು ಮುಟ್ಟಿ ನೋಡಲಿಲ್ಲ."

"ಒಂದು ಗಿಡ ಉಳದೈತೆಲ್ಲ ಅಕ್ಕಾ" ಎಂದಳು ಮಾಬೂಬಿ. "ಅದರ ಹಣ್ಣಿನಾಗ ಬೀಜ ಅದಾವ. ಉಣ್ಣು ಮೊದಲ."

ನೀತಿ: ಎಲ್ಲವೂ ಒಂದೇ ಬಣ್ಣದಲ್ಲಿ ಹಣ್ಣಾಗುವುದಿಲ್ಲ. ಹತ್ತು ಜನರನ್ನು ಕೇಳಿ ಗೊಂದಲಪಡುವ ಮೊದಲು, ಹತ್ತಿರ ಹೋಗಿ ಒಮ್ಮೆ ಮುಟ್ಟಿ ನೋಡಬೇಕು. ಗಿಡವನ್ನಾದರೂ, ಮನುಷ್ಯರನ್ನಾದರೂ.