ತಂಗೆವ್ವ ಹೊಲಿಸಿಟ್ಟ ಕರಿ ಕೋಟು

ಬರ್ರಿ, ಹತ್ತರ ಕುಂದರ್ರಿ, ಗುರಸಿದ್ದನ ಕತಿ ಕೇಳ್ರಿ. ನಗೂದಿದ್ರ ಇಲ್ಲೇ ನಗ್ರಿ, ಅವನ ಅವ್ವನ ಮುಂದ ಮಾತ್ರ ನಗಬ್ಯಾಡ್ರಿ!

ಅವ್ವ ತಂಗೆವ್ವಂದು ಕೋರ್ಟಿನ ಗೇಟಿಗೇ ಇಸ್ತ್ರಿ ಅಂಗಡಿ. ಮಂದಿ ವಕೀಲರ ಕೋಟು ಇಸ್ತ್ರಿ ಮಾಡಿ ಮಾಡಿ ಆಕಿಗೆ ಒಂದು ಹಟ ಹತ್ತಿತ್ತು: "ನನ್ನ ಮಗನ ಕೋಟಿಗೆ ಇಸ್ತ್ರಿ ಹೊಡಿಯೂತನಕ ನಾ ಸಾಯೂದಿಲ್ಲ!" ಕೋಟೂ ಹೊಲಿಸಿಟ್ಟಿದ್ಳು. ಮಗ ಗುರಸಿದ್ದ ಬಂಗಾರದಂಥಾ ಹುಡುಗ, ಹೇಳಿದ್ದನ್ನ ಹೇಳಿದಂಗ ಮಾಡ್ತಿದ್ದ. ಅದ ಆಕಿ ಸಂಕಟ.

ಲಾ ಕಾಲೇಜಿನವರು ಅಂದ್ರು: "ಮೊದಲ ಯಾವುದಾರ ಡಿಗ್ರಿ ಮುಗಿಸ್ಕೊಂಡು ಬಾ." ಗುರಸಿದ್ದ ಬಿ.ಎ. ಸೇರಿದ. ತಂಗೆವ್ವ ಬುದ್ಧಿ ಹೇಳಿದ್ಳು: "ವಕೀಲ ಆಗಾಂವ ನೀ. ಸಾಕ್ಷಿ ಇಲ್ಲದ ಯಾರ ಮಾತೂ ನಂಬಬ್ಯಾಡ!"

"ಆತವ್ವ!"

ಇತಿಹಾಸದ ಮೇಷ್ಟ್ರು ಒಂದು ಯುದ್ಧದ ಪಾಠ ಸುರು ಮಾಡಿದ್ರು. ಗುರಸಿದ್ದ ಎದ್ದು ನಿಂತ.

"ನೀವು ಕಣ್ಣಾರೆ ನೋಡೀರೇನ್ರಿ ಸರ?"

"ಲೇ, ನಾನೂರು ವರ್ಷದ ಹಿಂದಿಂದೋ ಅದು!"

"ಹಂಗಾರ ನೋಡಿದವರನ್ನ ಕರಸ್ರಿ!"

ಕುತ್ತಿಗಿ ಹಿಡದು ಹೊರಗ ಹಾಕಿದ್ರು.

ತಂಗೆವ್ವ ಬೈದ್ಳು: "ಅಯ್ಯ, ನಿನ್ನ ತಲಿಯಾಗ ಏನೈತೋ! ದೊಡ್ಡವರು ಏನ್ ಕೇಳಿದ್ರೂ 'ಹೌದ್ರೀ ಸರ' ಅನ್ನು!"

"ಆತವ್ವ!"

ಕಡೀ ವರ್ಷದ ಪರೀಕ್ಷಾ. ಕಾವಲಿಗಿದ್ದ ಸರ ಅಡ್ಡಾಡಕೋತ ಬಂದು ಸುಮ್ನ ಕೇಳಿದ್ರು: "ಏನೋ, ಕಾಪಿ ಹೊಡ್ಯಾಕತ್ತಿಯೇನು?"

"ಹೌದ್ರೀ ಸರ!"

"ಚೀಟಿ ತಂದಿಯೇನು?"

"ಹೌದ್ರೀ ಸರ!"

ಕಿಸೆ ಹುಡುಕಿದ್ರು, ಬೂಟು ಬಿಚ್ಚಿಸಿದ್ರು. ಸಿಕ್ಕಿದ್ದು ಒಂದು ಹಿಡಿ ಚುರುಮುರಿ. ಆದ್ರೂ ತಾನ ಒಪ್ಪಿಕೊಂಡಾನಲ್ಲ, ಪೇಪರ್ ಕಸಕೊಂಡು ಕಳಿಸಿದ್ರು. ವರ್ಷ ಹಾಳಾತು.

ತಂಗೆವ್ವ ಗಳಗಳ ಅತ್ತಳು. "ಮಾಡದ ತಪ್ಪು ಒಪ್ಪಿಕೊಂಡು ಬಂದಿಯಲ್ಲೋ! ಇನ್ನ ಮ್ಯಾಲೆ ಕುರ್ಚಿ ಮ್ಯಾಲೆ ಕುಂತವರು ಏನರ ಕೇಳಿದ್ರ 'ನನಗೇನೂ ಗೊತ್ತಿಲ್ರೀ, ನಾ ಅಲ್ಲಿ ಇರಲೇ ಇಲ್ರೀ' ಅನ್ನು! ದಿನಾ ಮಂದಿ ಕೋರ್ಟಿನಾಗ ಹಂಗ ಅಂದ ಪಾರಾಗ್ತಾರ."

"ಆತವ್ವ!"

ಹುಡುಗ ಬಿಡಲಿಲ್ಲರೀ. ಮತ್ತ ಕುಂತು ಓದಿದ, ಮತ್ತ ಬರೆದ, ಫಸ್ಟ್ ಕ್ಲಾಸಿನಾಗ ಪಾಸಾದ! ಮಾರ್ಕ್ಸ್ ಕಾರ್ಡು ಹಿಡಕೊಂಡು ಲಾ ಕಾಲೇಜಿಗೆ ಹೋದ. ಪ್ರಿನ್ಸಿಪಾಲ್ರು ಕುರ್ಚಿ ಮ್ಯಾಲೆ ಕುಂತಿದ್ರು.

"ಛಲೋ ಮಾರ್ಕ್ಸ್! ಇದು ನಿಂದೇನಪಾ?"

"ನನಗೇನೂ ಗೊತ್ತಿಲ್ರೀ!"

"ಅಂದ್ರ? ಈ ಕಾರ್ಡಿನ ಮ್ಯಾಲಿರೂ ಕಾಲೇಜಿನಾಗ ನೀ ಓದಿಲ್ಲೇನು?"

"ನಾ ಅಲ್ಲಿ ಇರಲೇ ಇಲ್ರೀ!"

ಪ್ರಿನ್ಸಿಪಾಲ್ರು ಕಾರ್ಡು ಒಗದ್ರು. "ಹಂಗಾರ ಇಲ್ಲಿಗ್ಯಾಕ ಬಂದಿ? ಹೋಗು, ಮೊದಲ ಡಿಗ್ರಿ ಮಾಡ್ಕೊಂಡು ಬಾ!"

ಇತ್ತ ತಂಗೆವ್ವ ಇಸ್ತ್ರಿಪೆಟ್ಟಿಗಿ ಕಾಸಿ, ಕೋಟು ಹಾಸಿ ಕಾಯ್ತಿದ್ಳು. ಮಗ ಓಡಿ ಬಂದ.

"ಸೀಟು ಸಿಕ್ತೇನೋ?"

"ಸಿಕ್ತವ್ವಾ!"

ಆಕಿ ಕಣ್ಣಾಗ ನೀರು ಬಂದುವು. "ಲಾ ಕಾಲೇಜಿನಾಗ?"

"ಅಲ್ಲವ್ವಾ, ಬಿ.ಎ. ಒಂದನೇ ವರ್ಷಕ್ಕ! ಪ್ರಿನ್ಸಿಪಾಲ್ರು ಹೇಳಿದಂಗ ಸೀದಾ ಹೋಗಿ ಮತ್ತ ಸೇರಿ ಬಂದೆ. ಮೂರ ವರ್ಷ, ಈ ಸಲ ಬಿಡೂದೇ ಇಲ್ಲ!"

ತಂಗೆವ್ವ ಹಣಿ ಹಣಿ ಬಡಕೊಂಡ್ಳು. ಆಮ್ಯಾಲೆ ಕೋಟು ಮಡಚಿ ಟ್ರಂಕಿನಾಗಿಟ್ಟು, ಮ್ಯಾಲೆ ಎರಡು ನುಸಿಗುಳಿಗಿ ಹಾಕಿದ್ಳು.

"ಮೂರು ವರ್ಷ ಹೌದಲ್ಲೋ? ಬಿಡು, ನಾನೂ ಸಾಯೂದಿಲ್ಲ!"