ಬಾಳವ್ವನ ಬಿಸಿಲು

ಶಿಷ್ಯನೊಬ್ಬ ಗುರುವಿನ ಬಳಿ ಬಂದು ಕೇಳಿದ: "ಗುರುಗಳೇ, ನನ್ನ ತಾಯಿಗೆ ಎಪ್ಪತ್ತು ದಾಟಿದೆ. ಅವರು ಹೊಸಿಲು ದಾಟದಂತೆ, ಒಂದು ಕಡ್ಡಿಯನ್ನೂ ಎತ್ತದಂತೆ ನೋಡಿಕೊಳ್ಳುತ್ತಿದ್ದೇನೆ. ಮುಪ್ಪಿನ ತಾಯಿಗೆ ಮಗ ಇದಕ್ಕಿಂತ ಹೆಚ್ಚಿನ ಸೇವೆ ಏನು ಮಾಡಬಹುದು?"

ಗುರು ಅವನನ್ನು ಕೂರಲು ಹೇಳಿ ಈ ಕತೆ ಹೇಳಿದರು.

ಒಬ್ಬ ಮೆಣಸಿನಕಾಯಿ ವ್ಯಾಪಾರಿಯಿದ್ದ. ಅವನ ತಾಯಿ ಬಾಳವ್ವ. ಗಂಡ ಬೇಗ ತೀರಿಕೊಂಡಿದ್ದರಿಂದ ಅವಳು ಬೇರೆಯವರ ಕಣದಲ್ಲಿ ಮೆಣಸಿನಕಾಯಿ ಒಣಗಿಸಿ, ತೊಟ್ಟು ಬಿಡಿಸಿ ಮಗನನ್ನು ಸಾಕಿದ್ದಳು. ಮಗ ಅದನ್ನು ಮರೆಯಲಿಲ್ಲ. ವ್ಯಾಪಾರ ಕೈಹಿಡಿದು ಸ್ವಂತ ಕಣ, ದೊಡ್ಡ ಮನೆ ಆದ ಮೇಲೆ ತಾಯಿಗೆ ಒಳಗಿನ ತಂಪು ಕೋಣೆ ಬಿಟ್ಟುಕೊಟ್ಟ. ಮೆತ್ತನೆಯ ಹಾಸಿಗೆ ಹಾಕಿಸಿದ. ಕಿಟಕಿಗೆ ದಪ್ಪ ಪರದೆ ಕಟ್ಟಿಸಿದ. ಎರಡು ಹೊತ್ತೂ ತಾನೇ ಹಾಲು ತಂದು ಕುಡಿಸುತ್ತಿದ್ದ.

ಕೆಲವು ದಿನ ಕಳೆದ ಮೇಲೆ ಬಾಳವ್ವ ಕೇಳಿದಳು: "ಒಂದೀಟು ಕಣದ ಕಡೆ ಹೋಗಿ ಬರ್ತೀನಪ್ಪಾ. ಕುಂತು ಕುಂತು ಮೈ ಜಡ್ಡುಗಟ್ಟೇತಿ."

"ಬ್ಯಾಡವ್ವಾ. ನೀ ಬಿಸಿಲಾಗ ಬೆಂದದ್ದು ಸಾಕು. ಇನ್ನ ಮ್ಯಾಲ ನಿನಗ ಬಿಸಿಲು ತಾಗಬಾರದು."

ಮಗನ ಅಕ್ಕರೆ ಕಂಡು ಅವಳು ಮತ್ತೆ ಕೇಳಲಿಲ್ಲ.

ವರ್ಷಗಳು ಹೋದವು. ಬಾಳವ್ವನಿಗೆ ಬೆನ್ನು ನೋವು ಹಿಡಿಯಿತು. ತೊಡೆಯಲ್ಲಿ ಬಲ ಸಾಲದೆ, ಎದ್ದು ನಿಲ್ಲಲು ಗೋಡೆ ಹಿಡಿಯಬೇಕಾಯಿತು. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದುಕೊಂಡ ಮಗ, ಅವಳು ಏಳುವ ಕಷ್ಟವೂ ಬೇಡವೆಂದು ಆರೈಕೆಗೆ ಹೆಂಗಸೊಬ್ಬಳನ್ನು ನೇಮಿಸಿದ. ಇಂಥ ಮಗನನ್ನು ಪಡೆಯಲು ಪುಣ್ಯ ಮಾಡಿರಬೇಕು ಎಂದರು ಊರಿನವರು. ಬಾಳವ್ವನೂ ಹಾಗೇ ಅನ್ನುತ್ತಿದ್ದಳು.

ಒಂದು ಬೆಳಗ್ಗೆ ಹಾಸಿಗೆಯಿಂದ ಇಳಿಯುವಾಗ ಅವಳ ಕಾಲು ಸೋತಿತು. ಬಿದ್ದದ್ದು ನೆಲಕ್ಕೆ ಹಾಸಿದ್ದ ಕಂಬಳಿಯ ಮೇಲೆ. ಆದರೂ ಸೊಂಟದ ಮೂಳೆ ಮುರಿಯಿತು.

ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ರಕ್ತ ಪರೀಕ್ಷೆಯ ವರದಿ ನೋಡಿದ ವೈದ್ಯೆ ಮಗನನ್ನು ಕರೆದು, "ಇವರ ಮೈಯಲ್ಲಿ ವಿಟಮಿನ್ ಡಿ ತೀರಾ ಕಡಿಮೆಯಿದೆ. ಬಿಸಿಲಿಗೆ ಬಂದು ಎಷ್ಟು ಕಾಲವಾಯಿತು?" ಎಂದು ಕೇಳಿದರು.

"ಬಿಸಿಲಿಗೆ ಬಿಟ್ಟೇ ಇಲ್ರಿ," ಎಂದ ಮಗ, ಹೆಮ್ಮೆಯಿಂದ. "ಕಿಟಕಿಗೂ ದಪ್ಪ ಪರದೆ ಕಟ್ಟಿಸೇನ್ರಿ. ಎರಡು ಹೊತ್ತೂ ಹಾಲು ಕುಡಸ್ತೀನ್ರಿ."

"ಹಾಲಿನ ಸತ್ವ ಮೂಳೆಗೆ ಸೇರಬೇಕಾದರೆ ವಿಟಮಿನ್ ಡಿ ಬೇಕು. ಚರ್ಮ ಅದನ್ನು ಬಿಸಿಲಿನಿಂದ ಮಾಡಿಕೊಳ್ಳುತ್ತದೆ. ವಯಸ್ಸಾದವರಲ್ಲಿ ಆ ಶಕ್ತಿಯೂ ಕುಂದಿರುತ್ತದೆ. ಅಂಥವರನ್ನು ನೀವು ಪರದೆ ಹಾಕಿ ಕೂರಿಸಿದಿರಿ. ನಡೆಯದ ಕಾಲಿನ ಮೂಳೆ ಸೊರಗದೆ ಇನ್ನೇನಾಗುತ್ತದೆ?"

ಮಗ ಹೋಗಿ ತಾಯಿಯ ಮಂಚದ ಪಕ್ಕ ಕೂತು ಅತ್ತ. ಬಾಳವ್ವ ಅವನ ತಲೆ ಸವರಿದಳು.

"ಅಳಬ್ಯಾಡೋ. ಮುರಿದದ್ದು ಕೂಡತೈತಿ. ಮೊದಲ ನನ್ನ ಎಬ್ಬಿಸಿ ನಿಲ್ಲಸು."

ಅವನು ಎಬ್ಬಿಸಿ ನಿಲ್ಲಿಸಿದ. ವೈದ್ಯೆ ಹೇಳಿದ ಔಷಧಿ ತಪ್ಪಿಸಲಿಲ್ಲ. ಮನೆಗೆ ಬಂದ ಮೇಲೆ ದಿನವೂ ತಾಯಿಯ ತೋಳು ಹಿಡಿದು ಬಿಸಿಲಿನಲ್ಲಿ ನಡೆಸಿದ. ಮೊದಮೊದಲು ಅವಳು ನೋವಿಗೆ ಹಲ್ಲು ಕಚ್ಚುತ್ತಿದ್ದಳು. ನಡೆಯುವುದನ್ನು ನಿಲ್ಲಿಸಲು ಮಾತ್ರ ಒಪ್ಪಲಿಲ್ಲ. ಮುಂದಿನ ಸುಗ್ಗಿಯ ಹೊತ್ತಿಗೆ ಕೋಲೂರಿ ಕಣವನ್ನೆಲ್ಲ ಸುತ್ತಿ, ಕಾಯಿಯನ್ನು ಒಣಗದಷ್ಟು ದಟ್ಟವಾಗಿ ಹರಡಿದ ಆಳುಗಳನ್ನು ಗದರತೊಡಗಿದಳು. ಅವಳ ದನಿ ಬೀದಿಗೂ ಕೇಳುತ್ತಿತ್ತು. ಮಗ ಒಳಗೆ ಬಾ ಎನ್ನಲಿಲ್ಲ.

ಗುರು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಆದರೂ ಗುರುಗಳೇ, ಆ ಮಗ ತಾಯಿಯನ್ನು ದೇವರಂತೆ ನೋಡಿಕೊಂಡಿದ್ದನಲ್ಲವೇ?"

ಗುರು ಹೇಳಿದರು: "ಗರ್ಭಗುಡಿಯ ಕತ್ತಲಲ್ಲಿ ಕಲ್ಲು ಸವೆಯುವುದಿಲ್ಲ; ಮೂಳೆ ಸವೆಯುತ್ತದೆ."